ಉಪ್ಪು ಬಿದ್ದ ಕಪ್ಪೆ

ಕ್ಯಾನ್ಸರಿನ ಕಿಮೊ ಮುಗಿದು ಎರಡು ತಿಂಗಳಾಗಿತ್ತು. ತಲೆಯಲ್ಲಿ ಕೂದಲು ಚಿಗುರಿತ್ತು, ಬೆರಳುಗಳ ಜೋಮು ಮಾತ್ರ ಬಿಟ್ಟಿರಲಿಲ್ಲ. ಬಿಸಿ ಲೋಟ ಹಿಡಿದರೂ ಅಷ್ಟೇ, ತಣ್ಣೀರು ಮುಟ್ಟಿದರೂ ಅಷ್ಟೇ. ನರಗಳು ಸುಧಾರಿಸಲು ಸಮಯ ಬೇಕು ಅಂದರು ಡಾಕ್ಟರು. ಸರಿ ಅಂದೆ. ಆ ದಿನಗಳಲ್ಲಿ ಎಲ್ಲದಕ್ಕೂ ಸರಿ ಅನ್ನುತ್ತಿದ್ದೆ.

ಯಲಹಂಕದ ಪಿಯು ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ಜೀವಶಾಸ್ತ್ರ ಕಲಿಸಿದವಳು ನಾನು. ಆಗ ರಜೆ ಹಾಕಿ ಅಲ್ಲಾಳಸಂದ್ರದ ಮನೆಯಲ್ಲಿದ್ದೆ. ಜೋರು ಮಳೆ ಬಂದ ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಅತ್ತೆ ಕೂಗಿದರು.

"ಕಪ್ಪೆ ಬಂದದೆ ಕಣಮ್ಮ! ಉಪ್ಪು ಆಕಿದೀನಿ, ಓಯ್ತದೆ ಬಿಡು."

ಬಕೆಟ್ಟಿನ ಹಿಂದೆ ಅಂಗೈಯಗಲದ ಕಪ್ಪೆ ಕೂತಿತ್ತು. ಬೆನ್ನ ತುಂಬ ಪುಡಿ ಉಪ್ಪು. ಒಂದು ಹಿಂಗಾಲು ಸೆಟೆದುಕೊಂಡಿತ್ತು.

"ಅತ್ತೆ, ಕಪ್ಪೆ ಬಾಯಲ್ಲಿ ನೀರು ಕುಡಿಯಲ್ಲ, ಚರ್ಮದಲ್ಲೇ ಕುಡಿಯುತ್ತೆ. ಉಪ್ಪು ಹಾಕಿದ್ರೆ ಮೈಯೊಳಗಿನ ನೀರು ಆಚೆ ಬಂದು ಒಣಗಿ ಸಾಯುತ್ತೆ," ಅಂದೆ. ಕೋಪವೇನೂ ಇರಲಿಲ್ಲ. ಪಾಠ ಒಪ್ಪಿಸಿದ ಹಾಗಿತ್ತು.

"ನಂಗೇನ್ ಗೊತ್ತು? ನಮ್ಮೂರಲ್ಲಿ ಎಲ್ರೂ ಇಂಗೇ ಮಾಡೋರು," ಎಂದು ಅತ್ತೆ ಬಾಗಿಲಿಗೆ ಒರಗಿದರು.

ಮಗ್ಗಿನಿಂದ ಮೆಲ್ಲಗೆ ನೀರು ಸುರಿದು ಉಪ್ಪು ತೊಳೆದೆ. ಎರಡೂ ಕೈಯಲ್ಲಿ ಎತ್ತಿಕೊಂಡೆ. ಎಷ್ಟು ಒತ್ತುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ. ಮಗಳನ್ನು ಕರೆದೆ.

"ಬಿಗಿಯಾಗಿ ಹಿಡಿದಿದೀನಾ ನೋಡೇ."

"ಸ್ವಲ್ಪ ಸಡಿಲ ಬಿಡಮ್ಮ." ಅವಳು ಬಗ್ಗಿ ನೋಡಿದಳು. "ಗಂಟಲು ಯಾಕೆ ಹಂಗೆ ಬಡ್ಕೋತಿದೆ?"

"ಅದಕ್ಕೆ ನಮ್ಮ ಹಾಗೆ ಪಕ್ಕೆಲುಬಿಲ್ಲ. ಗಾಳೀನ ಗಂಟಲಿಂದಲೇ ಶ್ವಾಸಕೋಶಕ್ಕೆ ದೂಡಬೇಕು. ನೀರೊಳಗೆ ಮುಳುಗಿದ್ರೆ ಆ ಕಷ್ಟಾನೂ ಇಲ್ಲ, ಚರ್ಮವೇ ಉಸಿರಾಡುತ್ತೆ."

"ತಣ್ಣಗಿದೆಯಾ?"

"ಗೊತ್ತಾಗ್ತಿಲ್ಲ."

ಅವಳು ಬೆರಳು ತಾಗಿಸಿದಳು. "ತಣ್ಣಗಿದೆ. ಲೋಳೆ ಲೋಳೆ," ಅಂದಳು.

ಟಬ್ಬಿಗೆ ನಾಲ್ಕು ಬೆರಳು ನೀರು ಹಾಕಿ, ಹತ್ತಿ ಕೂರಲು ಒಂದು ಇಟ್ಟಿಗೆಯಿಟ್ಟೆವು. ಮಧ್ಯಾಹ್ನದವರೆಗೆ ಅದು ಅಲುಗಲಿಲ್ಲ. ಸತ್ತಿದೆ ಅಂದುಕೊಂಡೆ. ಹಾಗೆ ಅಂದುಕೊಂಡಾಗಲೂ ಏನೂ ಅನಿಸಲಿಲ್ಲ. ಮೂರು ಗಂಟೆಗೆ ನೋಡಿದರೆ ಇಟ್ಟಿಗೆಯ ಮೇಲಿತ್ತು. ಅತ್ತೆಯೇ ಬಂದು ಹೇಳಿದರು, "ಬದುಕ್ಕೊಂತು ಕಣಮ್ಮ, ಪಾಪ."

ಸಂಜೆ ನಾನೂ ಮಗಳೂ ಅದನ್ನು ಮನೆ ಹತ್ತಿರದ ಕೆರೆಗೆ ಒಯ್ದು, ಬೇಲಿಯಾಚೆ ನೀರಿನಂಚಿಗೆ ಬಿಟ್ಟೆವು. ಒಂದೆರಡು ನಿಮಿಷ ಕೂತಿದ್ದು, ನೀರಿಗೆ ಹಾರಿತು. ಜಾಲಪಾದ ಬಿಚ್ಚಿಕೊಂಡು ಒದ್ದ ರಭಸಕ್ಕೆ ಪಾಚಿ ಸರಿಯಿತು. ಅಳುವಾಗಲಿ ಸಂತೋಷವಾಗಲಿ ಬಂದೀತೆಂದು ನಿಂತು ಕಾದೆ. ಬರಲಿಲ್ಲ.

"ಕಾಲೇಜಿಗೆ ಯಾವಾಗ ಹೋಗ್ತೀಯಮ್ಮ?" ಮಗಳು ಕೇಳಿದಳು.

"ಸೋಮವಾರ," ಅಂದೆ. ಅಲ್ಲಿಯತನಕ ಅದನ್ನು ಯೋಚಿಸಿಯೇ ಇರಲಿಲ್ಲ.

ಸೋಮವಾರ ಹೋದೆ. ಸೀಮೆಸುಣ್ಣ ಎರಡು ಸಲ ಕೈಯಿಂದ ಬಿತ್ತು. ಬಗ್ಗಿ ಎತ್ತಿಕೊಂಡು ಪಾಠ ಮುಂದುವರಿಸಿದೆ.