ಬಚ್ಚಲಿಗೆ ಅತ್ತೆಯ ಅಳತೆ

ನಿಟ್ಟುವಳ್ಳಿಯ ನಮ್ಮ ಮನೆಯ ಬಚ್ಚಲು ಏಳು ಅಡಿ ಉದ್ದ, ಐದು ಅಡಿ ಅಗಲ. ಬಾಗಿಲು ತೆಗೆದು ಒಳಗೆ ಹೋದರೆ ಬಲಗಡೆಯ ಗೋಡೆಗೆ ತಾಮ್ರದ ಹಂಡೆ, ಅದರ ಕೆಳಗೆ ಒಲೆ, ಒಲೆಯ ಬಾಯಿ ಗೋಡೆಯಾಚೆ ಹಿತ್ತಲಿಗೆ. ಉಳಿದ ಜಾಗದಲ್ಲಿ ಒಬ್ಬರು ಕೂತು ಜಳಕ ಮಾಡಬಹುದು. ಇಬ್ಬರು ನಿಂತರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ. ಸಂಡಾಸು ಬೇರೆ, ಹಿತ್ತಲಿನ ತುದಿಯಲ್ಲಿ, ನಾಲ್ಕು ಮೆಟ್ಟಿಲು ಹತ್ತಿ ಕುಕ್ಕರುಗಾಲಿನಲ್ಲಿ ಕೂರುವಂಥದ್ದು. ಮದುವೆಯಾಗಿ ಬಂದ ಹನ್ನೊಂದು ವರ್ಷದಲ್ಲಿ ಆ ಎರಡು ಜಾಗಗಳ ಬಗ್ಗೆ ನಾನು ಒಂದು ದಿನವೂ ಯೋಚಿಸಿದವಳಲ್ಲ. ತೊಂಬತ್ತರ ದಶಕ ಮುಗಿಯಲು ಇನ್ನೊಂದೆರಡು ವರ್ಷವಿದ್ದ ಆ ಬೇಸಿಗೆಯಲ್ಲಿ ಮಾತ್ರ ಬೇರೆ ಯೋಚನೆಯೇ ಇರಲಿಲ್ಲ.

ಅತ್ತೆ ಆ ಮೆಟ್ಟಿಲ ಮೇಲಿಂದಲೇ ಬಿದ್ದದ್ದು. ಬಲಗಡೆಯ ಸೊಂಟದ ಮೂಳೆ ಮುರಿಯಿತು, ಬಲಭುಜವೂ ಹಿಡಿದುಕೊಂಡಿತು. ಆಪರೇಷನ್ ಮಾಡಿ ರಾಡ್ ಹಾಕಿದ ಡಾಕ್ಟರು, ‘ಇನ್ನು ನೆಲಕ್ಕೆ ಕೂರುವ ಹಾಗಿಲ್ಲ, ಮೆಟ್ಟಿಲು ಹತ್ತುವ ಹಾಗಿಲ್ಲ’ ಅಂದರು. ಹಾಗಾಗಿ ಆಸ್ಪತ್ರೆಯಿಂದ ನೇರ ಹರಿಹರಕ್ಕೆ, ನಾದಿನಿಯ ಮನೆಗೆ ಕರೆದುಕೊಂಡು ಹೋದೆವು. ಅಲ್ಲಿ ಸಂಡಾಸು ಮನೆಯೊಳಗೇ ಇತ್ತು, ಅದರ ಮೇಲೆ ನಡುವೆ ತೂತು ಮಾಡಿದ ಮರದ ಸ್ಟೂಲು ಇಟ್ಟಿದ್ದರು. ಎಂಟು ದಿನದ ಮಟ್ಟಿಗೆ ಅಂತ ಬಿಟ್ಟು ಬಂದದ್ದು ಎರಡು ತಿಂಗಳಾಯಿತು.

ನೋಡಲು ಹೋದ ಒಂದು ದಿನ ನಾದಿನಿ ಅಡಿಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡಳು.

“ಅವ್ವ ನೀರೇ ಕುಡಿಯಲ್ರಿ ಅತ್ತಿಗೆ. ಎರಡು ಸಲ ಉರಿಮೂತ್ರ ಆಗಿ ಜ್ವರ ಬಂತು. ಇನ್ನೊಂದು ಸಲ ಹಿಂಗಾದ್ರೆ ಕಿಡ್ನಿಗೇ ಬರುತ್ತೆ ಅಂತಾರೆ ಡಾಕ್ಟ್ರು. ಎಷ್ಟು ಹೇಳಿದ್ರೂ ಕೇಳವಲ್ಲಳು.”

ಯಾಕೆ ಅಂತ ಅತ್ತೆಯನ್ನೇ ಕೇಳಿದೆ. ಮಗಳು ಆಚೆ ಹೋಗುವವರೆಗೆ ಕಾದು, ಪಿಸುದನಿಯಲ್ಲಿ ಹೇಳಿದರು.

“ಆ ಬಾಗಿಲ ಎದುರಿಗೇ ಅಳಿಯಂದಿರು ಪೇಪರ್ ಹಿಡ್ಕಂಡು ಕೂತಿರ್ತಾರೆ. ಅವ್ರ ಮುಂದೆ ದಿನಕ್ಕೆ ಆರು ಸಲ ನನ್ನ ಎಳ್ಕಂಡು ಹೋಗಾದಾ? ಕುಡಿದ್ರೆ ತಾನೆ ಹೋಗಬೇಕು? ಅವಳಿಗೆ ಹೇಳಬ್ಯಾಡ ಮತ್ತೆ.”

ಅವತ್ತಿನಿಂದ ನನಗೆ ಅದೇ ಚಿಂತೆ. ಬೇಗ ಕರೆದುಕೊಂಡು ಬರಬೇಕು, ಬರಬೇಕಾದರೆ ಬಚ್ಚಲೊಳಗೇ ಕಮೋಡು ಕೂರಿಸಬೇಕು, ಕೂರಿಸುವುದು ತಪ್ಪಾದರೆ ಮತ್ತೆ ಬೀಳುತ್ತಾರೆ. ಆ ವಯಸ್ಸಿನಲ್ಲಿ ಇನ್ನೊಂದು ಸಲ ಬಿದ್ದವರು ಏಳುವುದಿಲ್ಲ ಅಂತ ಓಣಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ನನಗೆ ಹೇಳಿ ಹೋಗಿದ್ದರು.

ಗಾರೆ ಕೆಲಸದ ಗೌಂಡಿಯನ್ನು ಕರೆಸಿದೆವು. ಅವನು ಅಂಗಳದ ಬಂಡೆಯ ಮೇಲೆ ಇದ್ದಿಲಿನಿಂದ ಚೌಕ ಎಳೆದ.

“ನೋಡ್ರಿ ಅಕ್ಕಾರ, ಬಾಗಿಲು ಇಲ್ಲಿ. ಎದುರು ಗೋಡಿಗೆ ಕಮೋಡು. ಬಲಗಡೆ ಹಂಡೆ ಹೆಂಗೂ ಐತೆ, ಅದನ್ನ ಮುಟ್ಟಾದು ಬ್ಯಾಡ. ಅಜ್ಜಿ ಹಿಡ್ಕಂಡು ಏಳಾಕೆ ಗೋಡಿಗೆ ಒಂದು ಪೈಪಿನ ತುಂಡು ಹೊಡೀತೀನಿ. ಯಾವ ಕೈಯಾಗೆ ಜೋರೈತೆ ಅವ್ರಿಗೆ?”

“ಎಡಗೈ,” ಅಂದರು ನಮ್ಮನೆಯವರು.

“ಹಂಗಾರೆ ಎಡಗಡೆ ಗೋಡೆ. ಮುಗೀತು.” ಇದ್ದಿಲು ಕೆಳಗಿಟ್ಟವನು ಮತ್ತೆ ಎತ್ತಿಕೊಂಡ. “ಎಷ್ಟು ಎತ್ತರಕ್ಕೆ ಹೊಡೀಲಿ? ಕೂತಾಗ ಕಾಲು ಎಲ್ಲಿಗೆ ಬರ್ತಾವೆ? ಅಲ್ಲಿ ನೀರು ನಿಂತ್ರೆ ಜಾರುತ್ತೆ. ಇದೇನು ಅಂಗಡಿ ಚಪ್ಪಲಿಯೇನ್ರಿ, ಎಲ್ಲರಿಗೂ ಒಂದೇ ನಂಬರಂತ ಹಾಕಾಕೆ? ಅಜ್ಜಿ ಅಳತೆ ತಗಂಡು ಬರ್ರಿ.”

ಮಗನಿಗೂ ಗೊತ್ತಿಲ್ಲ, ಸೊಸೆಗೂ ಗೊತ್ತಿಲ್ಲ. ಹನ್ನೊಂದು ವರ್ಷ ಜೊತೆಗೆ ಉಂಡರೂ ಅವರು ಕೂತರೆ ಎಷ್ಟೆತ್ತರ ಅಂತ ನಾನು ನೋಡಿದವಳಲ್ಲ. ಆ ವಾರವೆಲ್ಲ ನಾನು ಸಿಕ್ಕಸಿಕ್ಕಲ್ಲಿ ಕೂತು ಎದ್ದೆ. ಹಿಟ್ಟಿನ ಡಬ್ಬದ ಮೇಲೆ, ಹೊಲಿಗೆ ಮಷಿನ್ನಿನ ಸ್ಟೂಲಿನ ಮೇಲೆ, ಬಲಗಾಲು ಊರದೆ, ಎಡಗೈಯಿಂದ ಕಿಟಕಿ ಸರಳು ಹಿಡಿದು. ನಮ್ಮನೆಯವರು ನೋಡಿ, “ನೀನೂ ಬಿದ್ದು ಕೂತ್ಗಂಡ್ರೆ ಎರಡು ಕಮೋಡು ಹಾಕಿಸ್ಬೇಕಾಗುತ್ತೆ,” ಅಂದರು. ನನಗೆ ನಗು ಬರಲಿಲ್ಲ.

ಇನ್ನೊಂದು ತೊಡಕಿತ್ತು. ಈ ಬಚ್ಚಲಿನ ವಿಚಾರ ಅತ್ತೆಗೆ ನಾವು ಹೇಳಿಯೇ ಇರಲಿಲ್ಲ. ಜಳಕ ಮುಗಿಸಿ ಒದ್ದೆ ಕೂದಲಲ್ಲೇ ಲಿಂಗಪೂಜೆಗೆ ಕೂರುವವರು, ಜಳಕದ ಜಾಗದಲ್ಲೇ ಸಂಡಾಸು ಅಂದರೆ ಒಪ್ಪುತ್ತಾರೆಯೆ? ಕಟ್ಟಿ ಮುಗಿಸಿ ಕರೆತಂದರೆ ಬೇರೆ ದಾರಿ ಇಲ್ಲದೆ ಸುಮ್ಮನಾಗುತ್ತಾರೆ ಅಂತ ನಮ್ಮ ಲೆಕ್ಕ. ಆದರೆ ಹೇಳದೆ ಅಳತೆ ತೆಗೆಯುವುದು ಹೇಗೆ? ನಾನು ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದವಳು. ಟೇಪು ಚೀಲಕ್ಕೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸುಳ್ಳನ್ನು ಮನಸ್ಸಿನಲ್ಲೇ ಹೇಳಿ ಹೇಳಿ ರೂಢಿ ಮಾಡಿಕೊಂಡೆ.

“ಅತ್ತೆಗೆ ಎರಡು ರವಿಕೆ ಹೊಲಿಯೋಣ ಅಂತ ಬಂದೆ,” ಅಂದೆ. ನಾದಿನಿಯ ಗಂಡ ಪೇಪರಿನಿಂದ ತಲೆಯೆತ್ತಿ, “ಬರ್ರಿ, ಕೂಡ್ರಿ,” ಅಂದು ಮತ್ತೆ ಪೇಪರಿಗೆ ಮರಳಿದರು.

ಒಳಕೋಣೆಯಲ್ಲಿ ಅತ್ತೆಯನ್ನು ಮರದ ಕುರ್ಚಿಯ ಮೇಲೆ ಕೂರಿಸಿದೆ. ತೋರಿಕೆಗೆ ಮೊದಲು ಭುಜ, ತೋಳು. ಆಮೇಲೆ ನೆಲದಿಂದ ಮೊಣಕಾಲಿಗೆ, ಸೊಂಟದಿಂದ ಮೊಣಕಾಲಿಗೆ, ನೆಲದಿಂದ ಮೊಣಕೈಗೆ. ಚೀಟಿಯಲ್ಲಿ ಬರೆದುಕೊಳ್ಳುತ್ತಾ ಹೋದೆ. ಕೊನೆಗೆ ನೆಲಕ್ಕೆ ಕೂತು ಅವರ ಪಾದಕ್ಕೆ ಟೇಪು ಹಿಡಿದೆ. ಅಷ್ಟರಲ್ಲಿ ಚಹಾದ ಲೋಟ ಹಿಡಿದು ನಾದಿನಿ ಬಂದಳು.

“ರವಿಕೆಗೆ ಪಾದದ ಅಳತೆ ಯಾಕ್ರಿ ಅತ್ತಿಗೆ?”

ಆ ಕ್ಷಣಕ್ಕಷ್ಟೇ ನಾನೇನು ಮಾಡುತ್ತಿದ್ದೇನೆ ಅಂತ ನನಗೂ ಹೊಳೆದದ್ದು. ನಮ್ಮಲ್ಲಿ ತೀರಿಹೋದವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ, ಕೂರಿಸಿ ಮಾಡುತ್ತಾರೆ. ಗುಂಡಿಯ ಉದ್ದ ಅಗಲಗಳನ್ನು ಸತ್ತವರ ಪಾದದಿಂದಲೇ ಅಳೆಯುತ್ತಾರೆ. ನಾನು ಎಂಬತ್ತರ ಹತ್ತಿರದ ಮುದುಕಿಯನ್ನು ಕೂರಿಸಿಕೊಂಡು, ಕೂತ ಎತ್ತರ ಬರೆದುಕೊಂಡು, ಪಾದ ಅಳೆಯುತ್ತಿದ್ದೆ.

“ಬದುಕಿರೋರ ಪಾದ ಅಳೀತೀರಾ? ನಮ್ಮಣ್ಣ ಕಳಿಸಿದ್ನಾ?” ಅವಳು ಲೋಟ ನೆಲಕ್ಕೆ ಕುಕ್ಕಿದ ರಭಸಕ್ಕೆ ಚಹಾ ಚೆಲ್ಲಿತು. “ಎರಡು ತಿಂಗಳು ನಾನು ಇಟ್ಕಂಡಿಲ್ಲೇನು? ಅಷ್ಟು ಅವಸರ ಆತಾ ನಿಮಗೆ?”

ಪಡಸಾಲೆಯಲ್ಲಿ ಪೇಪರಿನ ಸದ್ದು ನಿಂತಿತು. ಅತ್ತೆ ತಮ್ಮ ಪಾದವನ್ನೇ ನೋಡುತ್ತಿದ್ದರು, ಯಾರದೋ ಪಾದವನ್ನು ನೋಡುವ ಹಾಗೆ.

“ಹೇಳು, ಏನಕ್ಕೆ?” ಅಂದರು ಕೊನೆಗೆ.

“ಬಚ್ಚಲಿಗೆ, ಅತ್ತೆ.”

ಆಮೇಲೆ ತಡೆಯಲಾಗಲಿಲ್ಲ. ಕಮೋಡು, ಪೈಪು, ಗೌಂಡಿ, ನಮ್ಮ ಹೆದರಿಕೆ ಎಲ್ಲ ಒಂದೇ ಉಸಿರಿಗೆ ಹೊರಬಿತ್ತು. ಹೇಳಬ್ಯಾಡ ಅಂದಿದ್ದ ನೀರಿನ ಮಾತೂ ಅದರ ಜೊತೆಗೇ ಬಂತು, ಪಡಸಾಲೆಗೆ ಕೇಳುವಷ್ಟು ಜೋರಾಗಿ. ನಾದಿನಿ ಅತ್ತೆಯ ಕುರ್ಚಿಯ ಮುಂದೆ ಬಂದು ಕೂತಳು.

“ಅವ್ವಾ, ಇವ್ರು ಅಲ್ಲಿ ಕೂತಿರ್ತಾರಂತ ನೀರು ಬಿಟ್ಟಿಯಾ? ಎರಡು ಸಲ ಡಾಕ್ಟ್ರತ್ರ ಹೋದ್ವಲ್ಲೇ, ಒಂದು ಮಾತು ಹೇಳಬಾರದಾಗಿತ್ತಾ?”

ಅತ್ತೆ ಉತ್ತರ ಕೊಡುವ ಮೊದಲೇ ಪಡಸಾಲೆಯಲ್ಲಿ ಕುರ್ಚಿ ಎಳೆದ ಸದ್ದಾಯಿತು. ನಾದಿನಿಯ ಗಂಡ ಯಾರ ಮುಖವನ್ನೂ ನೋಡದೆ ಕುರ್ಚಿ, ಪೇಪರು ಎರಡನ್ನೂ ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋದರು. ಅತ್ತೆ ಅಲ್ಲಿದ್ದಷ್ಟು ದಿನವೂ ಬಿಸಿಲಿರಲಿ, ಧೂಳಿರಲಿ, ಅಲ್ಲೇ ಓದಿದರಂತೆ.

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು.

“ಅಲ್ಲಾ, ಗುಂಡಿ ತೋಡಾಕಾದ್ರೆ ಯಾರೂ ನನ್ನ ಕೇಳಾದಿಲ್ಲ. ಬಚ್ಚಲಿಗಾದ್ರೂ ಒಂದು ಮಾತು ಕೇಳಬಾರದೇನೇ?”

“ಪೂಜೆಗೆ ಮೈಲಿಗೆ ಅಂತೀರೇನೋ ಅಂತ...”

“ಲಿಂಗ ಎದೆ ಮ್ಯಾಲೇ ಐತಲ್ಲ. ಆಸ್ಪತ್ರೆಗೂ ನನ್ನ ಸಂಗಾಟ ಬಂದಿತ್ತು. ಸಂಡಾಸು ನೋಡಿ ಅದೇನು ಓಡಿ ಹೋಗುತ್ತಾ? ಎಲ್ಲಿ, ನಿನ್ನ ಗೌಂಡಿ ಹೆಂಗೆ ಹೇಳ್ಯಾನೆ ಹಂಗೆ ಬರಿ, ನೋಡಾನ.”

ನಾದಿನಿಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಏಳಡಿ ಐದಡಿ ಬಚ್ಚಲು ಬರೆದೆ. ಕಮೋಡಿನ ಜಾಗಕ್ಕೆ ಕುರ್ಚಿ, ಹಂಡೆಯ ಜಾಗಕ್ಕೆ ದೊಡ್ಡ ಕೊಳಗ. ಪೈಪಿನ ಗೋಡೆಯ ಕಡೆ ನಾದಿನಿಯನ್ನು ನಿಲ್ಲಿಸಿ ತೋಳು ಚಾಚಿಸಿದೆ. ಅತ್ತೆ ವಾಕರ್ ಊರುತ್ತಾ ರಂಗೋಲಿಯ ಬಾಗಿಲಿನಿಂದ ಒಳಗೆ ಬಂದರು, ನಿಧಾನಕ್ಕೆ ತಿರುಗಿದರು, ಕುರ್ಚಿಯಲ್ಲಿ ಕೂತರು. ಏಳಲು ಎಡಗೈ ಚಾಚಿದರು. ಅಲ್ಲಿ ಬರೀ ಗಾಳಿ. ಮಗಳ ತೋಳು ಅವರ ಬಲಗಡೆಗೆ ಇತ್ತು.

ಗೌಂಡಿ, ನಮ್ಮನೆಯವರು, ನಾನು ಮೂವರೂ ಬಾಗಿಲಲ್ಲಿ ನಿಂತು ನೋಡಿದ ಎಡಗಡೆಯನ್ನೇ ಎಡಗಡೆ ಅಂದುಕೊಂಡಿದ್ದೆವು. ಕೂತವರು ಬಾಗಿಲಿಗೆ ಮುಖ ಮಾಡುತ್ತಾರೆ ಅನ್ನುವುದು ಒಬ್ಬರಿಗೂ ಹೊಳೆದಿರಲಿಲ್ಲ. ಹಾಗೇ ಕಟ್ಟಿಸಿದ್ದರೆ ಮೊದಲ ದಿನವೇ ಆ ನೋಯುವ ಬಲಭುಜ ಎಳೆದುಕೊಂಡು ಮುಗ್ಗರಿಸುತ್ತಿದ್ದರು.

“ಪೈಪು ಈ ಕಡೆ ಬರಬೇಕು,” ಅಂತ ಅತ್ತೆ ಕೊಳಗವನ್ನು ತೋರಿಸಿದರು.

“ಅಲ್ಲಿ ಹಂಡೆ ಐತಲ್ಲ ಅತ್ತೆ.”

“ಹಿತ್ತಲಿಗೆ ಹಾಕ್ರಿ. ಅಲ್ಲೇ ನೀರು ಕಾಸಿ ಬಕೀಟಿನಾಗೆ ತಂದುಕೊಡು. ಕಾಲಿರೋಳು ನೀನು.”

ಬಾಗಿಲು ಒಳಕ್ಕೆ ತೆಗೆದರೆ ವಾಕರಿಗೆ ತಾಗುತ್ತದೆ, ಹೊರಕ್ಕೆ ತೆಗೆಯುವ ಹಾಗೆ ಮಾಡಿಸು ಅಂತಲೂ ಅವರೇ ಹೇಳಿದರು. ಒಳಗೆ ಬಂದು ನಾದಿನಿ ತಂಬಿಗೆ ನೀರು ಕೊಟ್ಟಾಗ ಅರ್ಧ ಕುಡಿದು, ಹೊರಗಿನ ಕಟ್ಟೆಯ ಕಡೆ ಒಮ್ಮೆ ಇಣುಕಿ, ಉಳಿದದ್ದನ್ನೂ ಕುಡಿದರು.

ಗೌಂಡಿಗೆ ತಾನೂ ಎಡವಿದ್ದೆ ಅಂತ ಒಪ್ಪಿಕೊಳ್ಳಲು ಒಂದು ಬೀಡಿ ಸೇದುವಷ್ಟು ಹೊತ್ತು ಬೇಕಾಯಿತು. ಕೆಲಸ ಒಂದೂವರೆ ತಿಂಗಳು ಹಿಡಿಯಿತು. ಅತ್ತೆ ಬಂದ ಮರುದಿನ ಬೆಳಿಗ್ಗೆ ಒಬ್ಬರೇ ಒಳಗೆ ಹೋದರು. ಚಿಲಕ ಹಾಕಬೇಡಿ ಅಂದಿದ್ದೆ. ನಾನು ಬಾಗಿಲಿಗೆ ಕಿವಿಯಿಟ್ಟು ನಿಂತೆ.

“ನೀನು ಉಸಿರು ಬಿಡಾದು ಇಲ್ಲಿಗೆ ಕೇಳುಸ್ತೈತೆ. ನೀನು ಅಲ್ಲಿ ನಿಂತ್ರೆ ನನಗೆ ಬರಾದಿಲ್ಲ. ಹೋಗತ್ಲಾಗೆ!”

ನಾಲ್ಕು ಹೆಜ್ಜೆ ಹಿಂದೆ ಹೋಗಿ ಅಲ್ಲೇ ನಿಂತೆ. ನೀರು ಸುರಿದ ಸದ್ದು, ಆಮೇಲೆ ವಾಕರಿನ ಸದ್ದು. ಹೊರಗೆ ಬಂದವರು, “ಚಲೋ ಆಗೈತೆ. ಪೈಪು ಮಾತ್ರ ಎರಡು ಬೆರಳು ಮ್ಯಾಲಾತು,” ಅಂದರು.

ಅವರು ಅಡಿಗೆಮನೆಯಲ್ಲಿ ಕುರ್ಚಿಯ ಮೇಲೆ ಪೂಜೆಗೆ ಕೂತಾಗ ನಾನು ಟೇಪು ಹಿಡಿದು ಒಳಗೆ ಹೋದೆ. ಪೈಪು ಚೀಟಿಯಲ್ಲಿ ಬರೆದಷ್ಟೇ ಎತ್ತರದಲ್ಲಿತ್ತು, ಒಂದು ಗೆರೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಡಿಗೆಮನೆಗೆ ಬಂದು ಅವರ ಬೆನ್ನನ್ನೇ ನೋಡಿದೆ. ಹರಿಹರದಲ್ಲಿ ಕುರ್ಚಿಗೆ ಆನಿಕೊಂಡಿದ್ದ ಬೆನ್ನು ಈಗ ಮುಂದಕ್ಕೆ ಬಾಗಿತ್ತು, ಮೊಣಕೈಯೂ ಅದರ ಜೊತೆ ಕೆಳಗಿಳಿದಿತ್ತು.

ಗೌಂಡಿಯನ್ನು ಮತ್ತೆ ಕರೆಸಿದೆ. ಅವನು ತನ್ನ ಟೇಪು ಹಿಡಿದು, ನನ್ನ ಚೀಟಿ ಹಿಡಿದು, “ನೀವು ಬರೆದುಕೊಟ್ಟಷ್ಟೇ ಐತಲ್ರಿ ಅಕ್ಕಾರ,” ಅಂದ. ಅತ್ತೆ ಪಕ್ಕದ ಪಡಸಾಲೆಯಲ್ಲೇ ಕೂತಿದ್ದರು.

“ನಾನೇ ತಪ್ಪು ಅಳೆದಿದ್ದೆ. ಅವತ್ತು ಗಾಬರಿಯಾಗೆ ಕೈ ಅಲ್ಲಾಡಿರಬೇಕು. ಇಳಿಸಪ್ಪ,” ಅಂದೆ.

ಅವನು ನನ್ನ ಮುಖ ನೋಡಿದ, ಪಡಸಾಲೆಯ ಕಡೆ ನೋಡಿದ, ಉಳಿ ಎತ್ತಿಕೊಂಡ.

“ಎರಡು ಬೆರಳು ತಪ್ಪಾದಾ?” ಅತ್ತೆ ಅಲ್ಲಿಂದಲೇ ಕೂಗಿದರು. “ಅದಕ್ಕೇ ನೀನು ಹೊಲಿದ ರವಿಕೆ ತೋಳು ಯಾವಾಗ್ಲೂ ಬಿಗಿ ನನಗೆ.”

“ಹೂನತ್ತೆ, ಬಿಗಿನೇ,” ಅಂದೆ.