ಒಂದೇ ಉತ್ತರ ಬರೆದ ಏಳನೇ ತರಗತಿ

ಭಾಷಾ ಬೋಧನೆಯ ಕ್ಷೇತ್ರದಲ್ಲಿ ಹೊಸ ಪಾಠವನ್ನು ಸೊಗಸಾಗಿ ಮಾಡುವವರು ಎಷ್ಟೋ ಮಂದಿ ಇದ್ದಾರೆ. ಆದರೆ ಒಮ್ಮೆ ಮಾಡಿ ಮುಗಿಸಿದ ಪಾಠವನ್ನೇ ಪರೀಕ್ಷೆಗೆ ಮುಂಚೆ ಮತ್ತೆ ಕೈಗೆತ್ತಿಕೊಂಡು, ಓದಿನ ಗ್ರಹಿಕೆಯನ್ನೂ ವ್ಯಾಕರಣವನ್ನೂ ಮರಳಿ ತಿದ್ದಿ ತೀಡಿ, ಹನ್ನೆರಡು ಹದಿಮೂರರ ಮಕ್ಕಳಲ್ಲಿ ಒಬ್ಬರೂ ಆಕಳಿಸದಂತೆ ನೋಡಿಕೊಳ್ಳಬಲ್ಲವರು ವಿರಳ. ಈ ತಿಂಗಳು ನಮ್ಮ ಶಾಲೆಯಿಂದ ನಿವೃತ್ತರಾಗುತ್ತಿರುವ ಹಿರಿಯ ಭಾಷಾ ಶಿಕ್ಷಕಿ ಅಂತಹ ವಿರಳರಲ್ಲಿ ಒಬ್ಬರು. ಮಕ್ಕಳ ಬಾಯಲ್ಲಿ ಅವರು ‘ಸಾಲು ಟೀಚರ್’. ಅಂಚೆಯವರೂ ಔಷಧಿ ಅಂಗಡಿಯವರೂ ಹಾಗೆಯೇ ಕರೆಯುತ್ತಾರೆ. ಟೀಚರೂ ‘ಏನಪ್ಪಾ’ ಎಂದು ಓಗೊಡುತ್ತಾರೆ.

ಈ ಬಿರುದಿನ ಮೂಲ ಅವರ ಅತ್ತೆಯವರು. ಟೀಚರ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮನೆಯಲ್ಲಿ ಅತ್ತೆಗೆ ಕಣ್ಣು ಮಂಜಾಗಿತ್ತು. ಬೆಳಗಿನ ಪತ್ರಿಕೆಯನ್ನು ಸೊಸೆ ಗಟ್ಟಿಯಾಗಿ ಓದಿ ಹೇಳಬೇಕು. ಶಾಲೆಗೆ ಹೊತ್ತಾಗುತ್ತಿದೆಯೆಂದು ಸೊಸೆ ಅಲ್ಲೊಂದು ಇಲ್ಲೊಂದು ಸಾಲು ನುಂಗಿ ತಾನೇ ಸಾರಾಂಶ ಕಟ್ಟಿ ಹೇಳಿದರೆ ಮುಗಿಯಿತು, ಮುದುಕಿ ಭೂತಗನ್ನಡಿ ಎತ್ತಿಕೊಳ್ಳುತ್ತಿದ್ದರು. “ಎಲ್ಲಿ ಬರ್ದಿದೆ ತೋರ್ಸು. ಬೆರಳಿಟ್ಟು ತೋರ್ಸು.” ಮನೆಯಲ್ಲಿ ಬೈಸಿಕೊಂಡದ್ದನ್ನು ಶಾಲೆಯಲ್ಲಿ ಬಡ್ಡಿ ಸಮೇತ ತೀರಿಸಿಕೊಂಡರೆಂದು ನಾವು ಶಿಕ್ಷಕರ ಕೊಠಡಿಯಲ್ಲಿ ಅವರನ್ನು ರೇಗಿಸುವುದುಂಟು. ಗದ್ಯಭಾಗ ಓದಿದ ಮೇಲೆ ಮಗು ಏನೇ ಉತ್ತರ ಹೇಳಲಿ, ಸರಿಯಿರಲಿ ತಪ್ಪಿರಲಿ, ಟೀಚರದು ಒಂದೇ ಮಾತು: “ಸಾಲು ತೋರ್ಸು.” ಮಗು ಸಾಲಿನ ಮೇಲೆ ಬೆರಳಿಡಬೇಕು. ಬೆರಳು ಸಿಕ್ಕದ ಉತ್ತರ ಉತ್ತರವೇ ಅಲ್ಲ.

ವ್ಯಾಕರಣದ ಪುನರಾವರ್ತನೆಯಂತೂ ಒಂದು ಆಟ. ವಿಭಕ್ತಿ ಪ್ರತ್ಯಯವೆಂದರೆ ಮೈಲಿ ದೂರ ಓಡುವ ಮಕ್ಕಳ ಮುಂದೆ, ತರಗತಿಯಲ್ಲಿದ್ದ ಅಣ್ಣತಮ್ಮಂದಿರಿಬ್ಬರನ್ನು ನಿಲ್ಲಿಸಿ, “ಅಣ್ಣ ತಮ್ಮನನ್ನು ಹೊಡೆದ” ಎನ್ನುತ್ತಿದ್ದರು. ತಮ್ಮ ಸುಳ್ಳುಸುಳ್ಳೇ ‘ಅಯ್ಯಯ್ಯೋ’ ಎನ್ನಬೇಕು. “ತಮ್ಮನನ್ನು ಅಣ್ಣ ಹೊಡೆದ” ಎಂದು ಪದ ಹಿಂದುಮುಂದು ಮಾಡಿದರೂ ಅರಚಬೇಕಾದವನು ತಮ್ಮನೇ. “ಅಣ್ಣನನ್ನು ತಮ್ಮ ಹೊಡೆದ” ಎಂದಾಗ ಮಾತ್ರ ಇಡೀ ತರಗತಿ ಚಪ್ಪಾಳೆ ತಟ್ಟುತ್ತಿತ್ತು. “ಯಾರು ಮುಂದೆ ನಿಂತಿದಾರೆ ಅನ್ನೋದಲ್ಲ ಕಣ್ರೋ, ಏಟು ಯಾರಿಗೆ ಬಿತ್ತು ಅಂತ ಹೇಳೋದು ಈ ‘ಅನ್ನು’!” ಆ ತಮ್ಮ ಈಗ ಬೇರೊಂದು ಶಾಲೆಯಲ್ಲಿ ವ್ಯಾಕರಣ ಹೇಳಿಕೊಡುತ್ತಿದ್ದಾನೆ, ಅಣ್ಣನಿಗೆ ಬಿದ್ದ ಏಟನ್ನು ಇಂದಿಗೂ ಮರೆತಿಲ್ಲ.

ತಡವರಿಸಿ ಓದುವ ಮಕ್ಕಳ ಬಗ್ಗೆ ಅವರಿಗಿದ್ದ ಕರುಣೆಯನ್ನು ಹೇಳದಿದ್ದರೆ ಈ ಲೇಖನ ಲೇಖನವಲ್ಲ. ಅಕ್ಷರ ಕೂಡಿಸಲು ಬೆವರುತ್ತಿದ್ದ ಹುಡುಗಿಯೊಬ್ಬಳ ಪಕ್ಕದಲ್ಲಿ ಕುಳಿತು, ಅವಳ ದನಿಗೆ ತಮ್ಮ ದನಿ ಸೇರಿಸಿ ಮೆಲ್ಲಗೆ ಓದುತ್ತಾ, ಸೈಕಲ್ ಕಲಿಸುವವರು ಹಿಂದಿನಿಂದ ಕೈ ಬಿಡುವ ಹಾಗೆ ವಾಕ್ಯದ ನಡುವೆ ದನಿ ಬಿಟ್ಟುಬಿಡುತ್ತಿದ್ದರು. ಹುಡುಗಿ ಪುಟ ಮುಗಿಸಿದ ಮೇಲೆಯೇ ಒಬ್ಬಳೇ ಓದಿದೆನೆಂದು ಅವಳಿಗೆ ತಿಳಿಯುತ್ತಿತ್ತು. ಆ ಹುಡುಗಿ ಮುಂದೆ ಎಷ್ಟು ಮಾತು ಕಲಿತಳೆಂದರೆ, ಏಳನೇ ತರಗತಿಗೆ ಬರುವಷ್ಟರಲ್ಲಿ ‘ಲಾಯರಮ್ಮ’ ಎಂಬ ಅಡ್ಡಹೆಸರು ಸಂಪಾದಿಸಿದ್ದಳು.

ಅದೇ ಲಾಯರಮ್ಮನ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಆದದ್ದು ಟೀಚರ ಸೇವಾವಧಿಯ ಅತಿ ದೊಡ್ಡ ಫಜೀತಿ. ಪ್ರಶ್ನೆಪತ್ರಿಕೆ ಮೇಲಿನ ಕಚೇರಿಯಿಂದ ಬಂದದ್ದು. ಅದರಲ್ಲಿ ಒಬ್ಬ ದರ್ಜಿಯ ಗದ್ಯಭಾಗ ಇತ್ತು. ದರ್ಜಿ ದಿನಾ ಸಂಜೆ ಅಂಗಡಿಯ ಮುಂದೆ ತನಗೊಂದು, ಗೆಳೆಯನಿಗೊಂದು ಎಂದು ಎರಡು ಕುರ್ಚಿ ಹಾಕುತ್ತಾನೆ. ಗೆಳೆಯ ಊರು ಬಿಟ್ಟುಹೋಗುತ್ತಾನೆ. ಮಾರನೆಯ ಸಂಜೆ ದರ್ಜಿ ಒಂದೇ ಕುರ್ಚಿ ಹಾಕಿ, ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತು, ಒಳಗೆ ಹೋಗಿ ಇನ್ನೊಂದನ್ನೂ ತಂದಿಡುತ್ತಾನೆ. ಪ್ರಶ್ನೆ: ದರ್ಜಿ ಎರಡನೆಯ ಕುರ್ಚಿಯನ್ನು ಏಕೆ ತಂದಿಟ್ಟನು?

ನಮ್ಮ ಮಕ್ಕಳು ಬೆರಳಿಟ್ಟು ಹುಡುಕಿದರು, ಸಾಲು ಸಿಗಲಿಲ್ಲ. ಸಾಲು ಸಿಗದಿದ್ದರೆ ಬರೆಯಲೆಂದು ಟೀಚರ್ ವರ್ಷವಿಡೀ ಕಲಿಸಿದ್ದ ವಾಕ್ಯವನ್ನೇ ತರಗತಿಗೆ ತರಗತಿಯೇ ಒಂದಕ್ಷರ ವ್ಯತ್ಯಾಸವಿಲ್ಲದೆ ಬರೆಯಿತು: “ಇದಕ್ಕೆ ಉತ್ತರ ಹೇಳುವ ಸಾಲು ಗದ್ಯಭಾಗದಲ್ಲಿ ಇಲ್ಲ.”

ಮೌಲ್ಯಮಾಪನ ಮಾಡಿದವರು ಬೆಚ್ಚಿಬಿದ್ದರು. ಎಲ್ಲ ಉತ್ತರಪತ್ರಿಕೆಗಳಲ್ಲಿ ಒಂದೇ ವಾಕ್ಯ! ಸಾಮೂಹಿಕ ನಕಲೆಂದು ತೀರ್ಮಾನಿಸಿ ಇಡೀ ತರಗತಿಯ ಫಲಿತಾಂಶ ತಡೆಹಿಡಿದರು. ಶಿಕ್ಷಕಿಯೇ ಹೇಳಿ ಬರೆಸಿರಬೇಕೆಂಬ ಗುಮಾನಿ ಬೇರೆ. ಪರೀಕ್ಷಾಧಿಕಾರಿಗಳು ಖುದ್ದಾಗಿ ಬಂದು ಮಕ್ಕಳನ್ನು ದೂರದೂರ ಕೂರಿಸಿ ಹೊಸ ಗದ್ಯಭಾಗ ಕೊಟ್ಟು ಪರೀಕ್ಷಿಸುವರೆಂದೂ, ಅದರಲ್ಲೂ ಹೀಗೆಯೇ ಆದರೆ ಮಕ್ಕಳು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಬೇಕೆಂದೂ, ಶಿಕ್ಷಕಿಯನ್ನು ಬೋಧನೆಯಿಂದ ತೆಗೆದು ಕಚೇರಿಯ ಉಗ್ರಾಣಕ್ಕೆ ಹಾಕುವರೆಂದೂ ಆದೇಶ ಬಂತು. ಮಕ್ಕಳ ಮುಂದೆ ನಿಲ್ಲದ ದಿನ ಊಟ ಸೇರದ ಹೆಂಗಸಿಗೆ ಕಾಗದದ ಕಟ್ಟು ಎಣಿಸುವ ಕೆಲಸ!

ಆಗಿನ ಮುಖ್ಯೋಪಾಧ್ಯಾಯರು ಒಳ್ಳೆಯವರು, ಪುಕ್ಕಲರು. ಟೀಚರನ್ನು ಕೋಣೆಗೆ ಕರೆಸಿ, ಬಾಗಿಲು ಮುಂದೆ ಮಾಡಿ, “ಟೀಚರೇ, ಸುಮ್ನೆ ತಲೆ ಕೆಡಿಸ್ಕೋಬೇಡಿ. ಪ್ರಶ್ನೆನೇ ತಪ್ಪಿತ್ತು ಅಂತ ಬರ್ದ್ಕೊಡಿ. ನಾನೂ ಸಹಿ ಹಾಕ್ತೀನಿ. ಅವರವರು ಬಡಿದಾಡ್ಕೊಳ್ಲಿ” ಎಂದರು.

“ಪ್ರಶ್ನೆ ತಪ್ಪಿಲ್ಲ ಸಾರ್,” ಎಂದರು ಟೀಚರ್. “ನಂಗೆ ಓದಿದ ತಕ್ಷಣ ಉತ್ತರ ಗೊತ್ತಾಯ್ತು. ನಮ್ಮ ಮಕ್ಕಳಿಗೆ ಗೊತ್ತಾಗ್ಲಿಲ್ಲ. ಅದಕ್ಕೇ ನಂಗೆ ಹೊಟ್ಟೆ ಉರೀತಿರೋದು.”

ಕೆಲಸ ಹೋಗುವ ಭಯಕ್ಕಿಂತ ಈ ಉರಿಯೇ ಹೆಚ್ಚಾಗಿತ್ತೆಂದು ಅವರು ಮುಂದೆ ನಮಗೆ ಎಷ್ಟೋ ಸಲ ಹೇಳಿದ್ದಾರೆ. ಆದರೆ ಭಯವೂ ಇತ್ತು. ಅಧಿಕಾರಿಗಳು ಬರುವ ಹಿಂದಿನ ದಿನ ಪುನರಾವರ್ತನೆಗೆ ಉಳಿದಿದ್ದದ್ದು ಕೊನೆಯ ಒಂದೇ ತಾಸು. ವರ್ಷವಿಡೀ ಕಟ್ಟಿದ್ದನ್ನು ಒಂದು ತಾಸಿನಲ್ಲಿ ಬಿಚ್ಚಿ ಕಟ್ಟುವುದು ಹೇಗೆಂದು ತೋಚದೆ, ಅವರು ತರಗತಿಗೆ ಬಂದವರೇ ಬೋರ್ಡಿನ ಕಡೆ ತಿರುಗಿ ನಿಂತುಬಿಟ್ಟರು.

ಎರಡನೆಯ ಬೆಂಚಿನಿಂದ ಲಾಯರಮ್ಮ ಎದ್ದಳು. “ಮಿಸ್, ನಿಮಗೆ ಭಯ ಆಗಿದ್ಯಾ?”

ಟೀಚರ ಬಾಯಿಂದ ಅಭ್ಯಾಸಬಲದಿಂದ ಮಾತು ಬಂದುಬಿಟ್ಟಿತು. “ಯಾರು ಹೇಳಿದ್ದು? ನಾನು ಹಾಗಂದ್ನಾ? ಸಾಲು ತೋರ್ಸು.”

“ನೀವು ಹೇಳ್ಲಿಲ್ಲ ಮಿಸ್. ಬಂದಾಗಿನಿಂದ ಒರೆಸಿದ ಬೋರ್ಡನ್ನೇ ಒರೆಸ್ತಾ ಇದೀರಿ.”

“ಹಾಜರಿನೂ ಕೂಗ್ಲಿಲ್ಲ,” ಎಂದಿತು ಇನ್ನೊಂದು ದನಿ.

“ಇವ್ನು ಬಬಲ್‌ಗಮ್ ಅಗೀತಿದಾನೆ, ನೀವು ಬೈಯ್ಲೂ ಇಲ್ಲ,” ಎಂದು ಮೂರನೆಯದು ಚಾಡಿ ಹೇಳಿತು.

ಟೀಚರ್ ಡಸ್ಟರ್ ಕೆಳಗಿಟ್ಟು ಕುರ್ಚಿಯಲ್ಲಿ ಕುಸಿದು ಕುಳಿತರು. ಆಮೇಲೆ ನಕ್ಕರು, ಪಕ್ಕದ ತರಗತಿಯಲ್ಲಿ ಗಣಿತ ಮಾಡುತ್ತಿದ್ದವರಿಗೆಲ್ಲ ಕೇಳಿಸುವಷ್ಟು ನಕ್ಕರು. “ಹೌದು ಕಣ್ರೋ, ಭಯ ಆಗಿದೆ. ತುಂಬಾ ಆಗಿದೆ. ನಾನು ಒಂದು ಮಾತೂ ಆಡಿಲ್ಲ, ನೀವು ಓದ್ಬಿಟ್ರಿ. ನಂಗಿಂತ ಚೆನ್ನಾಗಿ ಓದಕ್ಕೆ ಬರತ್ತೆ ನಿಮಗೆ. ದರ್ಜಿ ಪ್ರಶ್ನೆಗೆ ಉತ್ತರ ಇತ್ತು ಮಕ್ಕಳೇ. ತಪ್ಪು ನಿಮ್ಮದಲ್ಲ, ನಂದು. ಒಂದೇ ಸಾಲಲ್ಲಿ ಹುಡುಕೋದು ಕಲಿಸ್ದೆ, ನಾಲ್ಕು ಸಾಲು ಒಟ್ಟಿಗೆ ನೋಡೋದು ಕಲಿಸ್ಲಿಲ್ಲ. ಈಗ ತೆಗೀರಿ ಪುಸ್ತಕ... ಬೇಡ, ಮುಚ್ಚಿ ಪುಸ್ತಕ.”

ಅವರು ದರ್ಜಿಯ ಕಥೆಯನ್ನು ನಿಧಾನವಾಗಿ ಬಾಯಲ್ಲೇ ಹೇಳಿದರು.

“ಗೆಳೆಯ ವಾಪಸ್ ಬರ್ತಾನೆ ಅಂತ ಇಟ್ಟ,” ಎಂದ ಒಬ್ಬ.

“ಇಲ್ಲ. ಬರಲ್ಲ ಅಂತ ಅವನಿಗೆ ಗೊತ್ತು,” ಎಂದಳು ಲಾಯರಮ್ಮ. “ಆದ್ರೂ ಒಂಟಿ ಕುರ್ಚಿ ನೋಡಕ್ಕಾಗ್ಲಿಲ್ಲ ಮಿಸ್.” ಯಾರೂ ಅವಳೊಂದಿಗೆ ವಾದಕ್ಕಿಳಿಯಲಿಲ್ಲ, ಅದೇ ಆ ತರಗತಿಯಲ್ಲಿ ದೊಡ್ಡ ಸಂಗತಿ.

ಮರುದಿನ ಪರೀಕ್ಷಾಧಿಕಾರಿಗಳು ಬಂದರು, ಟೀಚರನ್ನು ಹೊರಗೆ ಕೂರಿಸಿದರು. ಹೊಸ ಗದ್ಯಭಾಗದಲ್ಲಿ ಅಣ್ಣತಂಗಿ ಜಗಳವಾಡಿ ಮಾತು ಬಿಟ್ಟಿದ್ದರು. ಬೆಳಿಗ್ಗೆ ತಂಗಿ ಏಳುವ ಮೊದಲು ಅಣ್ಣ ಎದ್ದು, ಅವಳ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಗಾಳಿ ತುಂಬಿಸಿ, ಏನೂ ಹೇಳದೆ ಹೋಗಿದ್ದ. ಅಣ್ಣನ ಸಿಟ್ಟು ಇಳಿದಿತ್ತೆ ಎಂಬುದು ಪ್ರಶ್ನೆ. ಸಂಜೆಯವರೆಗೆ ಕಾದು ಕುಳಿತ ಟೀಚರನ್ನು ಕರೆಸಿ ಅಧಿಕಾರಿಗಳು ಉತ್ತರಗಳನ್ನು ಒಂದೊಂದಾಗಿ ಓದಿದರು. ಸಿಟ್ಟು ಇಳಿದಿತ್ತು, ಹೇಳಿಕೊಳ್ಳಲು ಜಂಬ ಅಡ್ಡ ಬಂತು ಎಂದು ಒಬ್ಬಳು. ಸಿಟ್ಟು ಹಾಗೇ ಇತ್ತು, ತಂಗಿ ನಡೆದು ಹೋಗುವುದು ಮಾತ್ರ ಅವನಿಗೆ ಬೇಕಿರಲಿಲ್ಲ ಎಂದು ಇನ್ನೊಬ್ಬ. ಅರ್ಧ ಮಾತ್ರ ಇಳಿದಿತ್ತು, ಏಕೆಂದರೆ ಮುಂದಿನ ಚಕ್ರವನ್ನು ಮುಟ್ಟಿಲ್ಲ ಎಂದು ಬರೆದವನು ಬಬಲ್‌ಗಮ್ಮಿನ ಮಹಾಶಯ. ಅಲ್ಲಿಗೆ ಬಂದಾಗ ಅಧಿಕಾರಿಗಳಿಗೂ ನಗು ತಡೆಯಲಾಗಲಿಲ್ಲ. ಒಂದರಂತೆ ಇನ್ನೊಂದು ಇರಲಿಲ್ಲ. ಪ್ರತಿಯೊಂದರ ಕೆಳಗೂ, ಇಂಥ ಇಂಥ ಸಾಲುಗಳನ್ನು ಸೇರಿಸಿ ಓದಿದ್ದೇನೆ ಎಂಬ ಸಾಕ್ಷಿ ಬೇರೆ ಇತ್ತು.

“ನಕಲಿನ ಆರೋಪ ಬಿಟ್ಟುಬಿಡ್ತೀವಿ,” ಎಂದರು ಅಧಿಕಾರಿಗಳು. “ಆದ್ರೆ ಹಳೇ ಪತ್ರಿಕೆಯ ಆ ಪ್ರಶ್ನೆಗೆ ಸೊನ್ನೆನೇ ಅಮ್ಮಾ. ಏನೂ ಮಾಡಕ್ಕಾಗಲ್ಲ.”

“ಸೊನ್ನೆನೇ ಹಾಕಿ ಸಾರ್. ಅದು ನಂದು,” ಎಂದು ಟೀಚರ್ ಅಲ್ಲಿಯೇ ಕಣ್ಣೊರೆಸಿಕೊಂಡರು. ತರಗತಿ ಪೂರ್ತಿ ಪಾಸಾಯಿತು. ಅಂದಿನಿಂದ ಅವರ ಪುನರಾವರ್ತನೆಯ ತಾಸಿನಲ್ಲಿ ಸಾಲು ತೋರಿಸಿದ ಮಗುವಿಗೆ ಎರಡನೆಯ ಪ್ರಶ್ನೆಯೊಂದು ಕಾಯಂ ಆಯಿತು: “ಬರೀದೆ ಬಿಟ್ಟಿರೋದು ಏನು?” ಅವರು ಸಿದ್ಧಪಡಿಸಿದ ಅಭ್ಯಾಸದ ಹಾಳೆಗಳನ್ನು ಸುತ್ತಲಿನ ಶಾಲೆಗಳವರು ಇಂದಿಗೂ ಕೇಳಿ ಪಡೆಯುತ್ತಾರೆ. ಹಾಳೆ ಸಿಗುತ್ತದೆ, ಆ ನಗು ಎಲ್ಲಿಂದ ತರುವುದು ಎಂಬುದು ಅವರ ದೂರು.

ತಾವು ನಿವೃತ್ತರಾಗುವ ಸುದ್ದಿ ಮಕ್ಕಳ ಕಿವಿಗೆ ಬೀಳಕೂಡದೆಂದು ಟೀಚರ್ ನಮ್ಮೆಲ್ಲರಿಂದ ಭಾಷೆ ತೆಗೆದುಕೊಂಡಿದ್ದರು. ಅತ್ತು ಕರೆದು ಪರೀಕ್ಷೆ ಹಾಳುಮಾಡಿಕೊಳ್ಳುತ್ತವೆ, ಫಲಿತಾಂಶ ಬಂದ ಮೇಲೆ ತಿಳಿದರೆ ಸಾಕು ಎಂದು ಅವರ ವಾದ. ನಾವು ಯಾರೂ ಬಾಯಿ ಬಿಡಲಿಲ್ಲ. ಕಳೆದ ವಾರ ಈಗಿನ ಏಳನೇ ತರಗತಿಗೆ ಕೊನೆಯ ಪುನರಾವರ್ತನೆ ಮಾಡಿದರು. ಎಂದಿನಂತೆ ಕ್ರಿಯಾಪದ, ಎಂದಿನಂತೆ ಗದ್ಯಭಾಗ, ಎಂದಿನಂತೆ ಬೈಗುಳ. ಗಂಟೆ ಹೊಡೆಯಿತು. ಆಟದ ಬಯಲಿಗೆ ಓಡಬೇಕಾದ ಮಕ್ಕಳಲ್ಲಿ ಒಬ್ಬರೂ ಏಳಲಿಲ್ಲ.

“ಬೆಲ್ ಆಯ್ತಲ್ರೋ, ಏಳಿ.”

“ಗೊತ್ತು ಮಿಸ್,” ಎಂದವು ಮಕ್ಕಳು. ಕುಳಿತೇ ಇದ್ದವು. ಟೀಚರ್ ಬಾಗಿಲವರೆಗೆ ಹೋದವರು ಹಿಂದಿರುಗಿ ಬಂದು, ಮುಂದಿನ ಬೆಂಚಿನ ತುದಿಯಲ್ಲಿ ಮಕ್ಕಳ ಜೊತೆಗೆ ಕುಳಿತುಕೊಂಡರು.

ಗ್ರಂಥಾಲಯದ ಓದುಕೋಣೆಯಲ್ಲಿ ವಾರಕ್ಕೊಮ್ಮೆ ಮಕ್ಕಳನ್ನು ಓದಿಸಲು ಅವರು ಒಪ್ಪಿದ್ದಾರೆ. ಕಣ್ಣು ಚುರುಕಾಗಿ, ದನಿ ಗಟ್ಟಿಯಾಗಿ, ಮೊಮ್ಮಕ್ಕಳ ಮಕ್ಕಳಿಗೂ ಅಭ್ಯಾಸದ ಹಾಳೆ ಹಂಚುವಷ್ಟು ದೀರ್ಘಕಾಲ ಅವರು ಸುಖವಾಗಿ ಬಾಳಲಿ, ಬೈಯುತ್ತಲೂ ಇರಲಿ. ಈ ಶುಭ ಸಂದರ್ಭದಲ್ಲಿ ಸಹೋದ್ಯೋಗಿಗಳಾದ ನಾವು ಎದ್ದುನಿಂತು ಅವರನ್ನು ಬೀಳ್ಕೊಡಬೇಕೆಂದು ಕಾರ್ಯಕ್ರಮ ಪಟ್ಟಿಯಲ್ಲಿ ಮುದ್ರಿಸಲಾಗಿದೆ. ಟೀಚರ್ ಕ್ಷಮಿಸಬೇಕು, ನಮಗೂ ಏಳಲು ಮನಸ್ಸಿಲ್ಲ.