ಗುಡ್ಡ ಹತ್ತುವ ಮುಂಚೆ ನಾಲ್ಕು ಮನೆಯ ಊಟ

ನನ್ನ ಜೀಪನ್ನು ನಮ್ಮ ಮನೆಯಲ್ಲಿ ಯಾರೂ ಜೀಪು ಅನ್ನುತ್ತಿರಲಿಲ್ಲ. ಹೆಂಡತಿ ಅದನ್ನು ‘ಡಬ್ಬಾ’ ಅನ್ನುತ್ತಿದ್ದಳು, ಮಕ್ಕಳು ‘ಅಪ್ಪನ ಡಬ್ಬಾ’ ಅನ್ನುತ್ತಿದ್ದರು. ಬೆಳಗಾವಿಯಲ್ಲಿ ಮಿಲಿಟರಿಯವರು ಎಂದೋ ಹರಾಜು ಹಾಕಿದ ಗಾಡಿ ಅದು. ಮೂರ್ನಾಲ್ಕು ಕೈ ದಾಟಿ ಚಿಕ್ಕೋಡಿಯಲ್ಲಿ ಪಂಪ್‌ಸೆಟ್ಟು, ಪೈಪು ಮಾರುವ ನನ್ನ ಕೈಗೆ ಬಂದಿತ್ತು. ದೇಶ ಕಾದ ಗಾಡಿಯ ಮೇಲೆ ಶ್ಯಾವಿಗೆ ಒಣಹಾಕುವುದು ಸರಿಯಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ಪ್ರಯೋಜನವಾಗಲಿಲ್ಲ. ಅಂಗಳದಲ್ಲಿ ಬಿಸಿಲು ಬೀಳುವ ಜಾಗವನ್ನು ಜೀಪು ನುಂಗಿದ ಮೇಲೆ, ಜೀಪಿನ ಮೇಲೆ ಬಿದ್ದ ಬಿಸಿಲು ತನಗೆ ಸೇರಿದ್ದು ಎನ್ನುವುದು ಅವಳ ವಾದ. ಅದನ್ನು ಮುರಿಯುವ ವಾದ ನನಗೆ ಇನ್ನೂ ಸಿಕ್ಕಿಲ್ಲ.

ಹೀಗಿರುವಾಗ ಅಥಣಿಯ ಕೋಳಿ ವ್ಯಾಪಾರಿಯೊಬ್ಬ ಪೈಪು ಕೊಳ್ಳಲು ಬಂದವನು ಜೀಪಿನ ಸುತ್ತ ಎರಡು ಸುತ್ತು ಹಾಕಿ, ಹಿಂದಿನ ಸೀಟು ಕಿತ್ತರೆ ಕೋಳಿಯ ಪಂಜರ ಎಷ್ಟು ಹಿಡಿಸುತ್ತವೆ ಎಂದು ಲೆಕ್ಕ ಹಾಕತೊಡಗಿದ. ನನ್ನ ಪಿತ್ತ ನೆತ್ತಿಗೇರಿತು. ಆದರೆ ಹೆಂಡತಿ ಅವನಿಗೆ ಎರಡನೇ ಸಲ ಚಹಾ ಕೊಟ್ಟಳು. ನಮ್ಮ ಮನೆಯಲ್ಲಿ ಎರಡನೇ ಚಹಾ ಎಂದರೆ ಮಾತುಕತೆ ಶುರುವಾಯಿತು ಎಂದೇ ಅರ್ಥ.

ಅವನು ಹೋದ ಮೇಲೆ ಅವಳು ತೀರ್ಪು ಕೊಟ್ಟಳು. “ಫೋರ್ ವೀಲ್ ಐತಿ, ಗುಡ್ಡ ಹತ್ತತೈತಿ ಅಂತ ತಂದಾಗಿಂದ ಹೇಳಾಕತ್ತೀರಿ. ಅದು ಹತ್ತಿದ್ದು ಬರೇ ನಮ್ಮ ಅಂಗಳದ ಮೆಟ್ಟಲ, ಅದೂ ಬ್ರೇಕ್ ಹತ್ತಲಾರದ್ದಕ್ಕ. ಖಂಡೇನವಮಿಯೊಳಗ ಒಮ್ಮೆ ಗುಡ್ಡ ಹತ್ತಿಸಿ ತೋರಸ್ರಿ. ನಾ ಕಣ್ಣೀಲೆ ನೋಡಬೇಕು. ಇಲ್ಲಂದ್ರ ಪೂಜಿ ಮಾಡಿ, ಲಿಂಬಿಹಣ್ಣ ಕಟ್ಟಿ, ಕೋಳಿಯವಗ ಕೊಟ್ಟುಬಿಡ್ರಿ.”

ಖಂಡೇನವಮಿಗೆ, ಅಂದರೆ ಆಯುಧಪೂಜೆಗೆ, ಇನ್ನೂ ಹತ್ತಿರ ಹತ್ತಿರ ವರ್ಷವಿತ್ತು. ಆಗಲಿ ಎಂದು ನಾನು ಮೀಸೆ ತಿರುವಿದೆ. ಮನಸ್ಸಿನಲ್ಲಿ ಮಾತ್ರ ಆ ಜೀಪಿನ ಕಿಟಕಿಯಿಂದ ಕೋಳಿಗಳು ಕತ್ತು ಚಾಚಿ ನನ್ನನ್ನು ನೋಡುತ್ತಿರುವ ಚಿತ್ರ ಬಂದು ನಿಂತಿತು.

ಒಬ್ಬನೇ ಹೋಗುವಷ್ಟು ಧೈರ್ಯ ನನಗಿಲ್ಲ. ಹಳೇ ಗಾಡಿಗಳ ಹುಚ್ಚು ಹತ್ತಿದ ಇನ್ನೂ ಮೂವರು ಗೆಳೆಯರಿದ್ದರು. ಒಬ್ಬ ನಿಪ್ಪಾಣಿಯ ತಂಬಾಕಿನ ವ್ಯಾಪಾರಿ, ನಾವೆಲ್ಲ ಶೇಠ ಎಂದು ಕರೆಯುವವನು, ಅರ್ಧ ಮಾತು ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ ಆಡುವವನು. ಇನ್ನೊಬ್ಬ ರಾಯಬಾಗದ ಹೈಸ್ಕೂಲಿನಲ್ಲಿ ಆಟ ಕಲಿಸುವ ಮಾಸ್ತರ. ಮೂರನೆಯವನು ಕಾಗವಾಡದ ದ್ರಾಕ್ಷಿ ತೋಟದವನು. ನಾಲ್ವರು, ನಾಲ್ಕು ಗಾಡಿ. ನಿಪ್ಪಾಣಿ ದಾಟಿ ಪಶ್ಚಿಮಕ್ಕೆ ಹೋದರೆ ರಾಧಾನಗರಿ ಕಡೆಯ ಗುಡ್ಡಗಳು. ಅಲ್ಲಿ ಡಾಂಬರು ಕಾಣದ ಒಂದು ಕಲ್ಲುದಾರಿ ಮೇಲಿನ ಬಯಲಿಗೆ ಏರುತ್ತದೆ ಎಂದು ನಿಪ್ಪಾಣಿಯವನು ಕೇಳಿ ತಿಳಿದಿದ್ದ. ಒಂದು ಗಾಡಿ ಸಿಕ್ಕಿಕೊಂಡರೆ ಇನ್ನೊಂದು ಎಳೆಯಬೇಕು, ಬೆಳಿಗ್ಗೆ ಹೋಗಿ ಸಂಜೆಗೆ ಬರಬೇಕು. ಚಹಾದ ಅಂಗಡಿಯ ಬೆಂಚಿನ ಮೇಲೆ ಅರ್ಧ ತಾಸಿನಲ್ಲಿ ಮುಗಿಯುವ ಯೋಜನೆ.

ನಾನು ಮಾಡಿದ ತಪ್ಪೆಂದರೆ ಅವರನ್ನು ಮಾತಾಡಲು ಮನೆಗೆ ಕರೆದದ್ದು.

ನಮ್ಮ ಕಡೆ ಮನೆಗೆ ಬಂದವರು ಉಣ್ಣದೆ ಹೋಗುವಂತಿಲ್ಲ. ಉಂಡು ಹೋದವರು ತಿರುಗಿ ಕರೆಯದೆ ಇರುವಂತಿಲ್ಲ. ನನ್ನ ಹೆಂಡತಿ ಅಂದು ಶೇಂಗಾ ಹೋಳಿಗೆ, ಎಣಗಾಯಿ ಮಾಡಿದಳು. ಹೋಳಿಗೆಯ ಮೇಲೆ ತುಪ್ಪ ಬಿದ್ದದ್ದೇ ತಡ, ಗುಡ್ಡ ನಮ್ಮ ಬಾಯಿಂದ ಮಾಯವಾಯಿತು. ಉಂಡಾದ ಮೇಲೆ ಮಾತಾಡೋಣ ಎಂದುಕೊಂಡಿದ್ದೆವು. ಉಂಡಾದ ಮೇಲೆ ಮಾಸ್ತರ ಗೋಡೆಗೆ ಒರಗಿ ಗೊರಕೆ ಹೊಡೆದ. ಹೋಗುವಾಗ ಹೊಸ್ತಿಲಲ್ಲಿ ನಿಂತು, “ಮುಂದಿನ ಐತಾರ ನಮ್ಮ ಮನಿಗೆ ಬರ್ರಿ, ಎಲ್ಲಾ ಫೈನಲ್ ಮಾಡೂಣು” ಎಂದ.

ರಾಯಬಾಗದಲ್ಲಿ ಮಾದಲಿ, ಹಾಲು. ಫೈನಲ್ ಆಗಲಿಲ್ಲ. ನಿಪ್ಪಾಣಿಯಲ್ಲಿ ಕೆಂಪು ರಸ್ಸಾ, ಬಿಳಿ ರಸ್ಸಾ. ಮಾಸ್ತರ ಮಾಂಸ ಮುಟ್ಟುವವನಲ್ಲ, ಅವನೊಬ್ಬನಿಗಾಗಿ ಬೇರೆ ಒಲೆಯ ಮೇಲೆ ಬೇರೆ ಅಡುಗೆ. ಆ ಗದ್ದಲದಲ್ಲಿ ನಕಾಶೆ ಬಿಚ್ಚಲು ಜಾಗವಿರಲಿಲ್ಲ. ಕಾಗವಾಡದಲ್ಲಿ ಉಂಡೆದ್ದ ಮೇಲೆ ಒಣದ್ರಾಕ್ಷಿ ತಿನ್ನುತ್ತಾ ಕುಳಿತಾಗ ಒಂದು ಪ್ರಶ್ನೆ ಮಾತ್ರ ಗಟ್ಟಿಯಾಗಿ ಚರ್ಚೆಗೆ ಬಂತು: ಗುಡ್ಡದಲ್ಲಿ ಯಾರ ಗಾಡಿ ಮುಂದೆ?

“ನೀವು ಹಿರೇರ್ರಿ, ನೀವು ಮುಂದ ನಡೀರಿ,” ಎಂದೆ ಕಾಗವಾಡದವನಿಗೆ.

“ಛೇ, ಮಾಸ್ತರ ಇದ್ದಾಗ ನಾವ್ಯಾರ್ರಿ ಮುಂದ ಹೋಗವ್ರು.”

“ನನ್ನ ಗಾಡಿ ಸಣ್ಣದ್ರಿ. ಶೇಠರು ಮುಂದ ಹೋಗ್ಲಿ,” ಎಂದ ಮಾಸ್ತರ.

“ಮೀ ನಾಹೀ ಬಾಬಾ,” ಎಂದ ನಿಪ್ಪಾಣಿಯವನು. “ನಾ ಹಿಂದ ಇರ್ತೇನಿ, ನಿಮ್ಮನ್ನ ನೋಡಕೋತ ಬರ್ತೇನಿ.”

ಇದು ಮರ್ಯಾದೆ ಎಂದು ಅಂದು ನಂಬಿದ್ದೆ. ನಾಲ್ವರಿಗೂ ಪುಕಪುಕ ಎನ್ನುತ್ತಿತ್ತು ಎಂದು ಈಗ ಗೊತ್ತಿದೆ.

ನಾಲ್ಕು ಮನೆ ಮುಗಿದವು ಅಂದರೆ ಮತ್ತೆ ನನ್ನ ಪಾಳಿ ಬಂತು. ಮೂರು ಕಡೆ ಉಂಡವನು ಸುಮ್ಮನಿರಲಾಗುತ್ತದೆಯೇ? ಎರಡನೇ ಸುತ್ತು ಶುರುವಾಯಿತು. ಈಗ ಪೈಪೋಟಿ ನಾಲ್ಕು ಅಡುಗೆಮನೆಗಳ ನಡುವೆ. ಒಂದು ಮನೆಯಲ್ಲಿ ಐದು ಬಗೆಯಾದರೆ ಇನ್ನೊಂದರಲ್ಲಿ ಏಳು. ಬೇಸಿಗೆ ಕಳೆಯಿತು. ಮಳೆ ಬಂತು. ಮಳೆಗಾಲದಲ್ಲಿ ಆ ದಾರಿಗೆ ಗಾಡಿ ಬಿಡುವುದಿಲ್ಲ ಎಂದು ಗೊತ್ತಾದಾಗ ನಾಲ್ವರೂ ಒಟ್ಟಿಗೆ ‘ಅಯ್ಯೋ’ ಎಂದೆವು. ಯಾರ ಮುಖದಲ್ಲೂ ದುಃಖ ಕಾಣಲಿಲ್ಲ. ಮೂರನೇ ಸುತ್ತಿಗೆ ಅನುಕೂಲವಾಯಿತು, ಅಷ್ಟೆ. ನನ್ನ ಹಳೇ ಪ್ಯಾಂಟುಗಳು ಒಂದೊಂದಾಗಿ ಸೇವೆಯಿಂದ ನಿವೃತ್ತಿಯಾದವು.

ಹೆಂಡತಿ ಒಂದು ದಿನ ಹೋಳಿಗೆ ಬೇಯಿಸುತ್ತಲೇ ಕೇಳಿದಳು, “ನಿಮ್ಮ ಗುಡ್ಡ ಎಲ್ಲಿತನ ಬಂತ್ರಿ?”

“ತಯಾರಿ ನಡದೈತಿ.”

“ಕೋಳಿಯವ ಫೋನ್ ಮಾಡಿದ್ದ. ಅವಂದೂ ತಯಾರಿ ನಡದೈತಂತ. ಪಂಜರ ಮಾಡಸಾಕ ಹಾಕ್ಯಾನಂತ.”

ಅಂದು ಎರಡೇ ಹೋಳಿಗೆ ತಿಂದು ಎದ್ದೆ.

ಅದಾದ ಮೇಲೆ ನಾನೇ ಹಟ ಹಿಡಿದೆ. ಖಂಡೇನವಮಿಯ ಹಿಂದಿನ ಭಾನುವಾರ ಹೋಗುವುದೇ ಸೈ, ಬರುವವರು ಬರಲಿ ಎಂದು ಎಲ್ಲರಿಗೂ ಫೋನು ಹಚ್ಚಿ ರೇಗಾಡಿದೆ. ಆಗ ಗಾಡಿಗಳು ಒಂದೊಂದಾಗಿ ಉದುರತೊಡಗಿದವು. ಕಾಗವಾಡದವನ ಗಾಡಿಯನ್ನು ಅವನ ಅಳಿಯ ದಿಗ್ಗೇವಾಡಿಗೆ ಸೀಮಂತಕ್ಕೆಂದು ಒಯ್ದವನು ಇನ್ನೂ ತಂದು ಬಿಟ್ಟಿರಲಿಲ್ಲ. ಅಳಿಯನಿಗೆ ಗಾಡಿ ತಾ ಎಂದು ಕೇಳುವ ಮಾವ ನಮ್ಮ ಕಡೆ ಹುಟ್ಟಿಲ್ಲ. ಮಾಸ್ತರನ ಗಾಡಿಯ ಬ್ಯಾಟರಿ ಸತ್ತಿತ್ತು. ನಿಪ್ಪಾಣಿಯವನ ಗಾಡಿ ಮಾತ್ರ ಫಳಫಳ ಹೊಳೆಯುತ್ತಿತ್ತು. “ಈಗಷ್ಟ ಪಾಲಿಶ್ ಮಾಡಸೇನಿ, ಕಲ್ಲ ಬಡದ್ರ ಹೆಂಗ?” ಎಂದು ಅದನ್ನು ಮನೆಯಲ್ಲೇ ಬಿಟ್ಟ.

ಹೀಗೆ ನಾಲ್ಕು ಗಾಡಿಗಳ ಗುಂಪು ಪ್ರವಾಸ ಒಂದು ಗಾಡಿಗೆ ಬಂದು ನಿಂತಿತು. ಸಿಕ್ಕಿಕೊಂಡರೆ ಎಳೆಯುವವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಮಾಸ್ತರ ಮತ್ತು ಕಾಗವಾಡದವನು ಮೊದಲೇ ಚಿಕ್ಕೋಡಿಗೆ ಬಂದು ಜೀಪು ಹತ್ತಿದರು, ನಿಪ್ಪಾಣಿಯಲ್ಲಿ ಶೇಠ ಹತ್ತಿದ. ಮುಂದಿನ ಸೀಟಿನಲ್ಲಿ ನನ್ನ ಹೆಂಡತಿ. ಕಣ್ಣೀಲೆ ನೋಡಬೇಕು ಎಂಬ ಷರತ್ತಿತ್ತಲ್ಲ. ಅವಳು ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಕಲ್ಲುಮುಳ್ಳಿಗೆ ಹೋಗುವುದಕ್ಕೆ ಇದೇಕೆ ಎಂದು ಕೇಳಿದ್ದಕ್ಕೆ, “ಇರಲಿ ಬಿಡ್ರಿ” ಎಂದಳು.

ಉಳಿದ ಜಾಗವೆಲ್ಲ ಬುತ್ತಿಯದು. ಮೂರು ಸುತ್ತು ಪೈಪೋಟಿ ನಡೆಸಿದ ನಾಲ್ಕೂ ಮನೆಯವರು ಕೊನೆಯ ಪಂದ್ಯಕ್ಕೆ ಸುಮ್ಮನಿರಲಿಲ್ಲ. ಕಡಕ್ ರೊಟ್ಟಿಯ ಗಂಟು, ಗಟ್ಟಿ ಮೊಸರಿನ ಗಡಿಗೆ, ಝುಣಕ, ಮಡಿಕೆಕಾಳಿನ ಪಲ್ಯ, ಕರದಂಟು, ಸ್ಟೀಲ್ ಡಬ್ಬಿಗಳ ಮೇಲೆ ಸ್ಟೀಲ್ ಡಬ್ಬಿ. ಹಿಂದೆ ಕುಳಿತ ಮೂವರ ಮುಖಗಳಷ್ಟೇ ಡಬ್ಬಿಗಳ ನಡುವೆ ಕಾಣುತ್ತಿದ್ದವು.

ಡಾಂಬರು ಮುಗಿದು ಕಲ್ಲುದಾರಿ ಶುರುವಾಯಿತು. ಮೊದಲ ಏರಿನಲ್ಲೇ ಜೀಪು ಗುರ್ ಎಂದಿತು, ಹಿಂದಿನ ಗಾಲಿಗಳು ತಿರುಗಿದಲ್ಲೇ ತಿರುಗಿ ಕೆಂಪು ಮಣ್ಣು ಹಾರಿಸಿದವು. ಆಮೇಲೆ ಇಡೀ ಗಾಡಿ ಮೆಲ್ಲಗೆ ಹಿಂದಕ್ಕೆ ಜಾರಿ ಒಂದು ಮಾವಿನ ಮರದ ಹತ್ತಿರ ನಿಂತಿತು. ಇನ್ನೆರಡು ಸಲ ನೋಡಿದೆ. ಅದೇ ಮಾವಿನ ಮರ.

“ಭಾರ ಬಾಳ ಆಗೈತಿ,” ಎಂದ ಮಾಸ್ತರ. ಆಟದ ಮಾಸ್ತರ ಹೇಳಿದ ಮೇಲೆ ಖರೆ ಇರಬೇಕು ಎಂದುಕೊಂಡೆವು. ಬುತ್ತಿ ಇಳಿಸಿ ಹೋಗೋಣ ಎಂದರೆ ಮಂಗಗಳ ಕಾಟ. ಒಂದಿಷ್ಟು ಇಳಿಸೋಣ ಎಂದರೆ ಯಾರ ಮನೆಯದು? “ನಮ್ಮದು ಇಳಸ್ರಿ” ಎಂದು ಎಲ್ಲರೂ ಅಂದರು, “ಹಂಗೆಂಗಾಕ್ಕೈತಿ” ಎಂದು ಉಳಿದವರೆಲ್ಲ ಕೈ ಹಿಡಿದರು. ತುಂಬಿದ ಡಬ್ಬಿ ತುಂಬಿದ ಹಾಗೇ ಮನೆಗೆ ಹೋದರೆ ಆ ಮನೆಯಾಕೆಗೆ ಅವಮಾನ. ಕೊನೆಗೆ ಕಾಗವಾಡದವನು ಉಪಾಯ ಹೇಳಿದ: “ಉಂಡು ಹಗರ ಮಾಡೂಣು.”

ನಾಲ್ವರು ವಿದ್ಯಾವಂತರು, ನಾಲ್ವರೂ ತಲೆಯಾಡಿಸಿದೆವು. ಮಾವಿನ ನೆರಳಲ್ಲಿ ಕುಳಿತು, ಯಾರ ಮನೆಗೂ ಅನ್ಯಾಯವಾಗದಂತೆ, ಡಬ್ಬಿಯ ತಳ ಕಾಣುವ ತನಕ ಉಂಡೆವು. ನನ್ನ ಹೆಂಡತಿ ಒಂದು ರೊಟ್ಟಿ ಮುರಿದು ತಿಂದು, ನಮ್ಮನ್ನು ನೋಡುತ್ತಾ ಕುಳಿತಿದ್ದಳು. ಎಲ್ಲ ಮುಗಿದ ಮೇಲೆ ಕೇಳಿದಳು, “ಈಗ ಆ ಭಾರ ಎಲ್ಲಿ ಹೋತ್ರಿ?”

ಉತ್ತರ ನಮ್ಮ ನಾಲ್ವರ ಹೊಟ್ಟೆಯಲ್ಲಿತ್ತು, ಮತ್ತು ಅದು ಮತ್ತೆ ಅದೇ ಜೀಪು ಹತ್ತಬೇಕಿತ್ತು.

ಮಾಸ್ತರ ಜೀಪಿನ ಮುಂದಿನ ಗಾಲಿಗೆ ಬೆನ್ನು ಕೊಟ್ಟು ಕಾಲು ಚಾಚಿದ್ದ. ಅಲ್ಲಿಂದಲೇ, “ಬೆನ್ನಿಗೆ ಏನೋ ಚುಚ್ಚಾಕತ್ತೈತಿ” ಎಂದ. ನೋಡಿದರೆ ಗಾಲಿಯ ನಡುವಿನ ತಿರುಗಣಿ. ಅದನ್ನು ಕೈಯಿಂದ ತಿರುವಿದರೆ ಮಾತ್ರ ಮುಂದಿನ ಗಾಲಿಗಳಿಗೂ ಬಲ ಬರುತ್ತದೆ, ಇಲ್ಲದಿದ್ದರೆ ಫೋರ್ ವೀಲ್ ಎನ್ನುವುದು ಬರೀ ಮಾತು. ಮೂರು ಸುತ್ತು ಊಟದಲ್ಲಿ ಒಬ್ಬನೂ ಇದರ ಸುದ್ದಿ ಎತ್ತಿರಲಿಲ್ಲ. ಭಾರದ್ದೇನೂ ತಪ್ಪಿರಲಿಲ್ಲ. ನಾವು ಸುಮ್ಮನೆ ಉಂಡಿದ್ದೆವು.

ಎರಡೂ ಕಡೆ ತಿರುವಿ ಬಂದು, “ಏಳ್ರಿ, ಹೋಗೂಣು” ಎಂದೆ. ಏಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಶೇಠ ಕಣ್ಣು ಮುಚ್ಚಿಕೊಂಡೇ ಕೈಯೆತ್ತಿ, “ತುಮ್ಹೀ ಚಲಾ, ನಾವು ಇಲ್ಲೇ ಇರ್ತೇವಿ” ಎಂದು ಆಶೀರ್ವಾದ ಮಾಡಿದ. ಜೀಪು ಹತ್ತಿದವಳು ಹೆಂಡತಿ ಒಬ್ಬಳೇ. ನೀನೂ ಕೆಳಗೆ ನಿಂತು ನೋಡು, ಅಪಾಯ ಎಂದೆ.

“ಕೆಳಗ ನಿಂತ್ರ ನೀವು ಆ ತಿರುವಿನ್ಯಾಗ ಗಾಡಿ ನಿಲ್ಲಿಸಿ, ಮ್ಯಾಲ ಹೋಗಿದ್ದೆ ಅಂತೀರಿ,” ಎಂದಳು. ಅದು ನನ್ನ ತಲೆಗೂ ಬಂದಿತ್ತು.

ಜೀಪು ಹತ್ತಿತು. ಬೇರೇನು ಹೇಳಲಿ? ನಾಲ್ಕೂ ಗಾಲಿಯಿಂದ ಕಲ್ಲನ್ನು ಕಚ್ಚಿ ಹಿಡಿದು, ಗೊಣಗುತ್ತಾ, ಒಂದೊಂದು ತಿರುವನ್ನೂ ಏರಿತು. ಎಡಕ್ಕೆ ಕಂದರ. ಅಲ್ಲಿ ನನಗೆ ಹೊಸ ವಿಷಯವೊಂದು ಗೊತ್ತಾಯಿತು: ಎತ್ತರ ಕಂಡರೆ ನನ್ನ ಪ್ರಾಣ ಬಾಯಿಗೆ ಬರುತ್ತದೆ. ಚಿಕ್ಕೋಡಿಯ ಅಂಗಡಿಯಲ್ಲಿ ಕುಳಿತವನಿಗೆ ಅದು ಗೊತ್ತಾಗುವ ಪ್ರಸಂಗವೇ ಬಂದಿರಲಿಲ್ಲ. ನನಗೆ ಗೊತ್ತಿದ್ದ ದೇವರುಗಳೆಲ್ಲ ಮುಗಿದು ಯಡೂರು ವೀರಭದ್ರನಿಗೆ ಎರಡನೇ ಸಲ ಹರಕೆ ಹೊತ್ತೆ. ಪಕ್ಕದಲ್ಲಿ ಅವಳು, “ಅಲ್ಲಿ ನೋಡ್ರಿ, ನೀರ. ಇಲ್ಲಿ ನೋಡ್ರಿ, ಎಷ್ಟ ಹಳದಿ ಹೂವ” ಎನ್ನುತ್ತಲೇ ಇದ್ದಳು. ನಾನು ಬಾನೆಟ್ಟಿನಿಂದ ಕಣ್ಣು ಕೀಳಲಿಲ್ಲ.

ಮೇಲಿನ ಬಯಲಿಗೆ ಬಂದು ನಿಲ್ಲಿಸಿದೆ. ಇಳಿದು ಗಾಲಿ ಹಿಡಿದುಕೊಂಡು ನೆಲದ ಮೇಲೆ ಕುಳಿತೆ. ಒಂದು ವರ್ಷ ಕಾದ ಗೆಲುವು ಅದು, ಆದರೆ ನನ್ನ ಬಾಯಿಂದ ಬಂದದ್ದು ಬೇರೆ ಮಾತು. “ಮಾರಿಬಿಡೂಣು,” ಎಂದೆ. “ಕೋಳಿಯವಗ ಈಗ ಫೋನ್ ಹಚ್ಚತೇನಿ.”

ಹಚ್ಚಿಯೂ ಬಿಟ್ಟೆ. ಖಂಡೇನವಮಿ ಮುಗಿದ ಮರುದಿನ ಬಂದು ಒಯ್ಯಿ ಎಂದು ಅವನಿಗೆ ಹೇಳಿ, ಫೋನು ಜೇಬಿಗಿಟ್ಟು ನೋಡಿದರೆ ಅವಳು ಅಲ್ಲಿರಲಿಲ್ಲ. ಬಯಲಿನ ಅಂಚಿನ ಒಂದು ಬಂಡೆಯ ಮೇಲೆ ಕುಳಿತಿದ್ದಳು. ಗಾಳಿಗೆ ಸೆರಗು ಹಾರುತ್ತಿತ್ತು, ಹಿಡಿದುಕೊಳ್ಳುತ್ತಿರಲಿಲ್ಲ. ಹತ್ತಿರ ಹೋಗಲು ಹೆದರಿ ದೂರದಿಂದಲೇ, ನೋಡಿದ್ದಾಯಿತಲ್ಲ, ನಡಿ ಎಂದೆ.

“ನಮ್ಮ ಮದವಿ ಆಗಿ ಇಪ್ಪತ್ತ ವರ್ಷದ ಮ್ಯಾಲಾತು,” ಎಂದಳು, ನನ್ನ ಕಡೆ ತಿರುಗದೆ. “ದೇವರಿಗೆ ಹೋಗೇವಿ, ಮದವಿಗೆ ಹೋಗೇವಿ, ಮಣ್ಣಿಗೆ ಹೋಗೇವಿ, ದವಾಖಾನಿಗೆ ಹೋಗೇವಿ. ಏನೂ ಕೆಲಸ ಇಲ್ಲದ ಸುಮ್ನ ಒಂದ ಕಡೆ ಬಂದಿದ್ದು ಇದ ಮೊದಲ ನೋಡ್ರಿ.”

ನನಗೆ ನಾಚಿಕೆಯಾಯಿತು, ಪ್ರೀತಿಯೂ ಬಂತು. ಎರಡನ್ನೂ ಹೇಳುವ ರೂಢಿ ಇಲ್ಲದೆ ಮೆಲ್ಲಗೆ ತೆವಳಿಕೊಂಡು ಹೋಗಿ ಬಂಡೆಯ ಪಕ್ಕ, ಕಣ್ಣು ಮುಚ್ಚಿಕೊಂಡು ಕುಳಿತೆ. ಮುಂದೆ ಏನೇನು ಕಾಣುತ್ತಿದೆ ಎಂದು ಅವಳು ಹೇಳುತ್ತಾ ಹೋದಳು. ಇಳಿಯುವಾಗ, “ಸಾವಕಾಶ ಇಳಸ್ರಿ, ಗಡಿಬಿಡಿ ಏನಿಲ್ಲ” ಎಂದಳು. ನನಗೂ ಗಡಿಬಿಡಿ ಮಾಡುವ ತಾಕತ್ತಿರಲಿಲ್ಲ.

ಖಂಡೇನವಮಿ ಮುಗಿದ ಮರುದಿನ ಅಥಣಿಯವನು ಪಂಜರಗಳ ಸಮೇತ ಬಂದ. ನಾನು ಒಳಗೆ ಕೀಲಿ ಹುಡುಕುತ್ತಿದ್ದೆ, ಸಿಗುತ್ತಿರಲಿಲ್ಲ. ಅಂಗಳದಲ್ಲಿ ಅವಳು ಅವನ ಜೊತೆ ಮಾತಾಡುವುದು ಕೇಳಿಸಿತು. ಚಹಾ ಕೊಟ್ಟಂತೆ ಕಾಣಲಿಲ್ಲ.

“ಮಾರೂ ಗಾಡಿ ನಮ್ಮ ಮನ್ಯಾಗ ಇಲ್ರಿ.”

“ಅಲ್ರಿ ಅಕ್ಕಾರ, ನಿಮ್ಮ ಮನಿಯವ್ರ ಫೋನ್ ಮಾಡಿ ಬಾ ಅಂದಾರಲ್ರಿ?”

“ಅವ್ರು ಅಂಜ್ಯಾರ್ರಿ,” ಎಂದಳು. “ಗಾಡಿ ನಂದೈತಿ.”